ಹಳೆಯ ಹಾಲು ಕರೆಯುವ ಯಂತ್ರ: ಗಾಳಿ ಸೋರುವ ಜಾಗ ಹುಡುಕಿ, ಕೆಚ್ಚಲು ಉಳಿಸಿ



ಹಾಲು ಕರೆಯುವ ಯಂತ್ರ ಬಂದ ಮೇಲೆ ನಿಮ್ಮಲ್ಲಿ ಅನೇಕರಿಗೆ ಬೆಳಗಿನ ಕೆಲಸ ಹಗುರವಾಗಿದೆ. ಆದರೆ ನಾಲ್ಕೈದು ವರ್ಷ ದುಡಿದ ಯಂತ್ರದ ಬಗ್ಗೆ ಒಂದೇ ರೀತಿಯ ದೂರುಗಳು ಕೇಳಿಬರುತ್ತವೆ. "ಕಪ್‌ಗಳು ಮೊಲೆಯಿಂದ ಜಾರಿ ಬೀಳುತ್ತವೆ ಡಾಕ್ಟ್ರೇ", "ಮೊದಲು ಆರು ನಿಮಿಷಕ್ಕೆ ಮುಗಿಯುತ್ತಿತ್ತು, ಈಗ ಹತ್ತಾದರೂ ಮುಗಿಯುವುದಿಲ್ಲ", "ಹಸು ಒದೆಯುತ್ತದೆ". ಇಂಥ ಮನೆಗಳಲ್ಲಿ ಸ್ವಲ್ಪ ದಿನದಲ್ಲೇ ಕೆಚ್ಚಲು ಬಾವು ಕಾಣಿಸಿಕೊಳ್ಳುವುದೂ ಉಂಟು. ಎಷ್ಟೋ ಸಲ ಇದಕ್ಕೆಲ್ಲ ಕಾರಣ ಯಂತ್ರದಲ್ಲಿ ಎಲ್ಲೋ ಗಾಳಿ ಸೋರುತ್ತಿರುವುದು. ಆ ಜಾಗವನ್ನು ಹುಡುಕುವ ಕೆಲಸವನ್ನು ನೀವೇ ಮಾಡಬಹುದು.

ಗಾಳಿ ಸೋರಿದರೆ ಹಸುವಿಗೇನಾಗುತ್ತದೆ?

ಪಂಪ್ ಪೈಪಿನೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆಗ ಒಳಗೆ ಉಂಟಾಗುವ ಸೆಳೆತಕ್ಕೆ ವ್ಯಾಕ್ಯೂಮ್ ಎನ್ನುತ್ತೇವೆ. ಕಪ್ ಮೊಲೆಗೆ ಕಚ್ಚಿಕೊಳ್ಳುವುದೂ ಹಾಲು ಇಳಿಯುವುದೂ ಈ ಸೆಳೆತದಿಂದಲೇ. ನೀರಿನ ಪೈಪ್ ಒಡೆದರೆ ನೀರು ಹೊರಗೆ ಬರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುವುದರಿಂದ ಏನೂ ಕಾಣುವುದಿಲ್ಲ.

ಸೆಳೆತ ಕಡಿಮೆಯಾದಾಗ ಕಪ್ ಜಾರುತ್ತದೆ. ಜಾರಿದ ಕಪ್ಪಿನಿಂದ ಗಾಳಿ ಒಮ್ಮೆಲೇ ಒಳಗೆ ನುಗ್ಗಿ, ಬಟ್ಟಲಿನಲ್ಲಿರುವ ಹಾಲಿನ ಹನಿಗಳನ್ನು ಉಳಿದ ಮೊಲೆಗಳ ತುದಿಗೆ ರಭಸದಿಂದ ಎರಚುತ್ತದೆ. ಒಂದು ಮೊಲೆಯಲ್ಲಿದ್ದ ರೋಗಾಣು ಹೀಗೆ ಇನ್ನೊಂದು ಮೊಲೆಯ ರಂಧ್ರದೊಳಗೆ ಸೇರುತ್ತದೆ. ಕೆಚ್ಚಲು ಬಾವು ಬಂದರೆ ಹಾಲು ಕಡಿಮೆಯಾಗುತ್ತದೆ, ಔಷಧಿಯ ಖರ್ಚು ಬೀಳುತ್ತದೆ, ಔಷಧಿ ಕೊಟ್ಟಷ್ಟು ದಿನವೂ ಆಮೇಲೆ ವೈದ್ಯರು ಹೇಳಿದಷ್ಟು ದಿನವೂ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಚಿಕಿತ್ಸೆ ತಡವಾದರೆ ಆ ಮೊಲೆಯೇ ಬತ್ತಿಹೋಗಬಹುದು.

ರೆಗ್ಯುಲೇಟರ್ ತಿರುಗಿಸಬೇಡಿ

ಕಪ್ ಬೀಳುತ್ತದೆ ಎಂದು ಹಲವರು ಮೊದಲು ರೆಗ್ಯುಲೇಟರ್ ಬಿಗಿ ಮಾಡಿ ಸೆಳೆತ ಹೆಚ್ಚಿಸಲು ನೋಡುತ್ತಾರೆ. ಎರಡು ಮಿಶ್ರತಳಿ ಹಸುಗಳಿದ್ದ ಒಂದು ಕೊಟ್ಟಿಗೆಯಲ್ಲಿ ಹೀಗೇ ಆಗಿತ್ತು. ಸೋರುತ್ತಿದ್ದದ್ದು ಬಕೆಟ್ ಮುಚ್ಚಳದ ರಬ್ಬರ್ ರಿಂಗ್. ರಿಂಗ್ ಬದಲಿಸಿದ ಕೂಡಲೇ ಗೇಜಿನ ಮುಳ್ಳು ಮಿತಿ ದಾಟಿ ಮೇಲಕ್ಕೆ ಹೋಯಿತು. ರೆಗ್ಯುಲೇಟರನ್ನು ಮೊದಲಿನಂತೆ ಮಾಡದೆ ಹಾಗೆಯೇ ಹಸುವಿಗೆ ಹಾಕಿದ್ದರೆ ಮೊಲೆಗೆ ಪೆಟ್ಟಾಗುತ್ತಿತ್ತು. ಸೆಳೆತ ಅತಿಯಾದರೆ ಮೊಲೆಯ ತುದಿ ಗಡುಸಾಗಿ ಬಿಳಿ ಉಂಗುರ ಕಟ್ಟುತ್ತದೆ, ತುದಿ ಒರಟಾಗುತ್ತದೆ, ರೋಗಾಣು ಕೂರಲು ಜಾಗವಾಗುತ್ತದೆ.

ಬಕೆಟ್ ಮಾದರಿಯ ಯಂತ್ರಗಳಲ್ಲಿ ಹಸುವಿಗೆ ಸಾಮಾನ್ಯವಾಗಿ 42ರಿಂದ 50 ಕಿಲೋಪಾಸ್ಕಲ್ ಸೆಳೆತ ಇಡುತ್ತಾರೆ. ಕೆಲವು ಹಳೆಯ ಗೇಜ್‌ಗಳಲ್ಲಿ ಇದನ್ನು ಪಾದರಸದ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಅದರಲ್ಲಿ 50 ಕಿಲೋಪಾಸ್ಕಲ್ ಎಂದರೆ ಸುಮಾರು 375. ನಿಮ್ಮ ಯಂತ್ರದ ಪುಸ್ತಕದಲ್ಲಿರುವ ಅಂಕಿಯೇ ನಿಮಗೆ ಸರಿಯಾದ ಅಂಕಿ. ಗೇಜಿನ ಗಾಜಿನ ಮೇಲೆ ಆ ಜಾಗಕ್ಕೆ ಬಣ್ಣದಿಂದ ಒಂದು ಗೆರೆ ಹಾಕಿಡಿ.

ಮುಚ್ಚಬಾರದ ಮೂರು ಕಿಂಡಿಗಳು

ಹುಡುಕಲು ಹೊರಡುವ ಮುನ್ನ ಇದನ್ನು ತಿಳಿದಿರಿ. ಯಂತ್ರದಲ್ಲಿ ಬೇಕೆಂದೇ ಗಾಳಿಗೆ ಬಿಟ್ಟ ದಾರಿಗಳಿವೆ.

1. ರೆಗ್ಯುಲೇಟರ್: ಹೆಚ್ಚಾದ ಸೆಳೆತವನ್ನು ಇಳಿಸಲು ಇದು ಗಾಳಿ ತೆಗೆದುಕೊಳ್ಳುತ್ತದೆ. ಇದರ "ಸುಸ್" ಎನ್ನುವ ಸದ್ದು ಒಳ್ಳೆಯ ಲಕ್ಷಣ. ಹಾಲು ಕರೆಯುವಾಗ ಆ ಸದ್ದು ಪೂರ್ತಿ ನಿಂತುಹೋದರೆ ಪಂಪಿನ ಶಕ್ತಿಯಲ್ಲಿ ಏನೂ ಮಿಗುತ್ತಿಲ್ಲ ಎಂದರ್ಥ. ಆಗ ಸೋರಿಕೆ ಹುಡುಕಬೇಕು.

2. ಪಲ್ಸೇಟರ್: ಟಕ್ ಟಕ್ ಎನ್ನುತ್ತಾ ಒಮ್ಮೆ ಗಾಳಿ ಬಿಟ್ಟು ಒಮ್ಮೆ ತಡೆಯುವುದೇ ಇದರ ಕೆಲಸ.

3. ನಾಲ್ಕು ಕಪ್‌ಗಳ ಹಾಲು ಬಂದು ಸೇರುವ ಬಟ್ಟಲಿನಲ್ಲಿರುವ ಸೂಜಿಮೊನೆಯಷ್ಟು ರಂಧ್ರ: ಹಾಲು ಬಕೆಟ್ಟಿಗೆ ಸರಾಗವಾಗಿ ಹೋಗಲು ಇದು ಬೇಕು. ಇದನ್ನು ಮೇಣದಿಂದ ಮುಚ್ಚಿದರೆ ಹಾಲು ಬಟ್ಟಲಲ್ಲೇ ನಿಂತು ಮೊಲೆಯ ತುದಿಯನ್ನು ತೋಯಿಸುತ್ತದೆ. ಕಸ ಕಟ್ಟಿದ್ದರೆ ತೆಗೆಯಿರಿ, ಆದರೆ ಮೊಳೆ ಹಾಕಿ ದೊಡ್ಡದು ಮಾಡಬೇಡಿ.

ಪಂಪಿನಿಂದ ಕಪ್ಪಿನವರೆಗೆ ಹುಡುಕುವ ಕ್ರಮ

ಹಾಲು ಕರೆಯುವ ಸಮಯದಲ್ಲಿ ಇದನ್ನು ಮಾಡಬೇಡಿ. ಮಧ್ಯಾಹ್ನ ಬಿಡುವಾದಾಗ, ಹಸು ಕಟ್ಟದೆ, ತೊಳೆದ ಯಂತ್ರದಲ್ಲಿ ಮಾಡಿ. ಒಂದೊಂದೇ ಭಾಗವನ್ನು ಸೇರಿಸುತ್ತಾ ಹೋಗಿ, ಪ್ರತಿ ಸಲ ಮುಳ್ಳು ನೋಡಿ. ಯಾವ ಭಾಗ ಸೇರಿದಾಗ ಮುಳ್ಳು ಇಳಿಯುತ್ತದೋ ಸೋರಿಕೆ ಅಲ್ಲೇ ಇದೆ.

ಹಂತ 1, ಪಂಪ್ ಮಾತ್ರ: ಬಕೆಟ್ಟಿಗೆ ಹೋಗುವ ನಲ್ಲಿ ಮುಚ್ಚಿ. ನಲ್ಲಿ ಇಲ್ಲದಿದ್ದರೆ ಪೈಪನ್ನು ಮಡಚಿ ಬಿಗಿಯಾಗಿ ಹಿಡಿಯಿರಿ. ಎರಡು ಮೂರು ನಿಮಿಷ ಪಂಪ್ ಓಡಿಸಿ. ಮುಳ್ಳು ಗೆರೆಗೆ ಬರಬೇಕು, ರೆಗ್ಯುಲೇಟರ್ ಸದ್ದು ಮಾಡಬೇಕು. ಬಾರದಿದ್ದರೆ ಬೆಲ್ಟ್ ಸಡಿಲವಾಗಿದೆಯೇ, ಎಣ್ಣೆ ಹಾಕುವ ಪಂಪ್ ಆದರೆ ಎಣ್ಣೆ ಇಳಿದಿದೆಯೇ, ರೆಗ್ಯುಲೇಟರಿನಲ್ಲಿ ದೂಳು ಸಿಕ್ಕಿದೆಯೇ ನೋಡಿ.

ಹಂತ 2, ಬಕೆಟ್: ಮುಚ್ಚಳ ಹಾಕಿ, ಹಾಲಿನ ಉದ್ದ ಪೈಪನ್ನು ಮುಚ್ಚಳದ ಹತ್ತಿರವೇ ಮಡಚಿ ಹಿಡಿದು, ನಲ್ಲಿ ತೆರೆಯಿರಿ. ಪಲ್ಸೇಟರ್‌ನಿಂದ ಮುಳ್ಳು ಸ್ವಲ್ಪ ಅಲುಗಾಡುವುದು ಸಹಜ. ಚೆನ್ನಾಗಿ ಇಳಿದರೆ ಮುಚ್ಚಳದ ರಬ್ಬರ್ ರಿಂಗ್, ಬಕೆಟ್ ಅಂಚಿನ ತಗ್ಗು, ಪಲ್ಸೇಟರ್ ಕೂರುವ ಜಾಗ ಮತ್ತು ಪೈಪಿನ ತುದಿಗಳನ್ನು ನೋಡಿ.

ಹಂತ 3, ಕಪ್‌ಗಳು: ಪೈಪ್ ಬಿಟ್ಟು, ನಾಲ್ಕೂ ಕಪ್‌ಗಳ ಬಾಯಿಗೆ ಬಿರಡೆ ಹಾಕಿ, ಬಟ್ಟಲಿನ ಕವಾಟ ತೆರೆಯಿರಿ. ಮುಳ್ಳು ಇಳಿದರೆ ಲೈನರ್ ಹರಿದಿದೆಯೇ, ಗಿಡ್ಡ ಪೈಪ್‌ಗಳು ಸೀಳಿವೆಯೇ, ಬಟ್ಟಲು ಬಿರುಕು ಬಿಟ್ಟಿದೆಯೇ ನೋಡಿ.

ಹಂತ 4, ಹೆಬ್ಬೆರಳ ಪರೀಕ್ಷೆ: ಒಂದು ಕಪ್ಪಿನ ಬಿರಡೆ ತೆಗೆದು ತೊಳೆದ ಹೆಬ್ಬೆರಳನ್ನು ಒಳಗಿಡಿ. ಲೈನರ್ ಬೆರಳನ್ನು ಹಿಸುಕಿ ಬಿಡುತ್ತಿರಬೇಕು, ನಿಮಿಷಕ್ಕೆ ಸುಮಾರು 60 ಸಲ. ನಾಲ್ಕೂ ಕಪ್‌ಗಳಲ್ಲಿ ಹೀಗೇ ನೋಡಿ. ಒಂದರಲ್ಲಿ ಮಾತ್ರ ಹಿಸುಕು ಕಡಿಮೆಯಿದ್ದರೆ ಆ ಕಪ್ಪಿನ ಗಿಡ್ಡ ಗಾಳಿ ಪೈಪ್ ಸೀಳಿರಬಹುದು ಅಥವಾ ಲೈನರ್ ತಿರುಚಿಕೊಂಡಿರಬಹುದು. ನಾಲ್ಕರಲ್ಲೂ ಕಡಿಮೆಯಿದ್ದರೆ ಪಲ್ಸೇಟರ್ ಅಥವಾ ಅದರ ಉದ್ದ ಪೈಪಿನಲ್ಲಿ ದೋಷವಿದೆ. ಹಿಸುಕು ಇಲ್ಲದಿದ್ದರೆ ಮೊಲೆಗೆ ವಿಶ್ರಾಂತಿ ಸಿಗದೆ ರಕ್ತ ಕಟ್ಟಿ ಮೊಲೆ ಊದಿಕೊಳ್ಳುತ್ತದೆ.

ಸೋಪಿನ ನೊರೆ ಪರೀಕ್ಷೆ: ಅನುಮಾನ ಬಂದ ಜೋಡಣೆಗೆ ಹೊರಗಿನಿಂದ ಸೋಪಿನ ದಪ್ಪ ನೊರೆ ಹಚ್ಚಿ. ಸೈಕಲ್ ಪಂಕ್ಚರ್ ಆದಾಗ ಗುಳ್ಳೆ ಹೊರಗೆ ಏಳುತ್ತದೆ. ಇಲ್ಲಿ ತೂತು ಇರುವ ಕಡೆ ನೊರೆ ಒಳಗೆ ಎಳೆದುಕೊಂಡು ಮಾಯವಾಗುತ್ತದೆ. ಪಲ್ಸೇಟರ್ ಮತ್ತು ಮೋಟಾರಿಗೆ ನೊರೆ ತಾಗಿಸಬೇಡಿ. ಪರೀಕ್ಷೆ ಮುಗಿದ ಮೇಲೆ ಯಂತ್ರವನ್ನು ಇನ್ನೊಮ್ಮೆ ಪೂರ್ತಿ ತೊಳೆಯಿರಿ.

ಸರಿಪಡಿಸುವುದು ಹೇಗೆ?

• ಪೈಪಿನ ತುದಿ ಸೀಳಿದ್ದು ಉದ್ದ ಸಾಕಷ್ಟಿದ್ದರೆ, ಸೀಳಿದಷ್ಟನ್ನು ನೇರವಾಗಿ ಕತ್ತರಿಸಿ ಮತ್ತೆ ಕೂರಿಸಿ. ನಡುವೆ ಬಿರುಕಿದ್ದರೆ ಹೊಸ ಪೈಪ್ ಹಾಕಿ.

• ಹಾಲು ಹರಿಯುವ ಜಾಗಕ್ಕೆ ಟೇಪ್, ಎಂ-ಸೀಲ್, ಸೈಕಲ್ ಟ್ಯೂಬ್ ಸುತ್ತಬೇಡಿ. ಅದರ ಸಂದಿಯಲ್ಲಿ ಹಾಲು ನಿಂತು ರೋಗಾಣು ಬೆಳೆಯುತ್ತದೆ, ಸಂಘದಲ್ಲಿ ಹಾಲು ಕೆಡುತ್ತದೆ.

• ರಬ್ಬರ್ ಮೃದುವಾಗಲಿ ಎಂದು ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚಬೇಡಿ. ಜಿಡ್ಡಿನಿಂದ ರಬ್ಬರ್ ಉಬ್ಬಿ ಬೇಗ ಹಾಳಾಗುತ್ತದೆ.

• ಲೈನರ್ ಒಂದು ಹರಿದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹೊಸದು ಹಳೆಯದು ಬೆರೆತರೆ ನಾಲ್ಕು ಮೊಲೆಗೆ ನಾಲ್ಕು ರೀತಿಯ ಹಿಸುಕು.

• ರಬ್ಬರ್ ಲೈನರಿನ ಆಯಸ್ಸು 2,500 ಸಲ ಕರೆಯುವವರೆಗೆ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಎರಡು ಹಸುವನ್ನು ದಿನಕ್ಕೆ ಎರಡು ಹೊತ್ತು ಕರೆದರೆ ದಿನಕ್ಕೆ 4 ಸಲ, ಆರು ತಿಂಗಳಿಗೆ ಸುಮಾರು 720 ಸಲ. ಆದ್ದರಿಂದ ಎರಡು ಮೂರು ಹಸುವಿನ ಮನೆಗೆ ಆರು ತಿಂಗಳೇ ಲೆಕ್ಕ. ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಿ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಂದುಕೊಂಡರೆ ಮರೆಯುವುದಿಲ್ಲ.

• ರಿಪೇರಿ ಆದ ಮೇಲೆ ಮುಳ್ಳು ಗೆರೆಯಲ್ಲಿ ನಿಂತಿದೆಯೇ ನೋಡಿ, ಆಮೇಲೆಯೇ ಹಸುವಿಗೆ ಹಾಕಿ.

• ಪಂಪ್ ಬಿಚ್ಚುವುದು, ಪಲ್ಸೇಟರ್ ಹೊಂದಿಸುವುದು, ರೆಗ್ಯುಲೇಟರ್ ಹೊಂದಿಸುವುದು ಮೆಕ್ಯಾನಿಕ್ ಕೆಲಸ. ಯಾವ ಹಂತದಲ್ಲಿ ಮುಳ್ಳು ಇಳಿಯಿತು ಎಂದು ನೀವು ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಎಚ್ಚರಿಕೆ: ಬೆಲ್ಟ್ ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿಕೊಳ್ಳಿ. ಬೆಲ್ಟಿನ ಜಾಲರಿ ಇಲ್ಲದ ಪಂಪನ್ನು ಓಡಿಸಬೇಡಿ. ಕೊಟ್ಟಿಗೆಯ ನೆಲ ಒದ್ದೆಯಿರುವುದರಿಂದ ಅರ್ಥಿಂಗ್ ಸರಿಯಿರಲೇಬೇಕು.

ಯಂತ್ರದ ಜೊತೆಗೆ ಮೊಲೆಯನ್ನೂ ನೋಡಿ

ಕಪ್ ತೆಗೆದ ಕೂಡಲೇ ಮೊಲೆಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊಲೆ ನೀಲಿಗಟ್ಟಿದ್ದರೆ, ಗಟ್ಟಿಯಾಗಿದ್ದರೆ, ತುದಿಯಲ್ಲಿ ಒರಟು ಉಂಗುರವಿದ್ದರೆ ಯಂತ್ರವನ್ನು ಪರೀಕ್ಷಿಸಿ. ಕರೆಯುವ ಮುನ್ನ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ. ಗರಣೆ, ನೀರು ಅಥವಾ ರಕ್ತ ಕಂಡರೆ ಆ ಹಸುವಿಗೆ ಯಂತ್ರ ಹಾಕದೆ ಎಲ್ಲಾ ಹಸುಗಳಾದ ಮೇಲೆ ಕೈಯಲ್ಲಿ ಕರೆಯಿರಿ, ಆ ಹಾಲನ್ನು ಬೇರೆ ಇಡಿ, ಅಂದೇ ಪಶುವೈದ್ಯರಿಗೆ ತಿಳಿಸಿ. ಯಂತ್ರ ಕೈಕೊಟ್ಟ ದಿನ ರಿಪೇರಿಗೆಂದು ಹೊತ್ತು ಮೀರಿಸಬೇಡಿ. ಕೈ ತೊಳೆದು ಕೈಯಲ್ಲೇ ಕರೆದುಬಿಡಿ.

ನೆನಪಿಡಿ

ದಿನಾಲೂ: ಮುಳ್ಳು ಗೆರೆಯಲ್ಲಿದೆಯೇ? ರೆಗ್ಯುಲೇಟರ್ ಸದ್ದು ಇದೆಯೇ?
ವಾರಕ್ಕೊಮ್ಮೆ: ಹೆಬ್ಬೆರಳ ಪರೀಕ್ಷೆ, ಬೆಲ್ಟ್ ಮತ್ತು ಎಣ್ಣೆ.
ತಿಂಗಳಿಗೊಮ್ಮೆ: ನಾಲ್ಕು ಹಂತದ ಪರೀಕ್ಷೆ.
ಆರು ತಿಂಗಳಿಗೊಮ್ಮೆ: ನಾಲ್ಕೂ ಲೈನರ್ ಹೊಸದು.

ಕಪ್ ಜಾರಿದರೆ ಸೆಳೆತ ಹೆಚ್ಚಿಸಬೇಡಿ, ತೂತು ಹುಡುಕಿ. ಮುಚ್ಚಳದ ಒಂದು ರಿಂಗಿಗೆ ತಗಲುವ ಖರ್ಚು, ಬತ್ತಿಹೋದ ಒಂದು ಮೊಲೆಯ ನಷ್ಟಕ್ಕಿಂತ ಬಹಳ ಕಡಿಮೆ.

– ಪಶುವೈದ್ಯಾಧಿಕಾರಿ