ಔಷಧ ಕಾರ್ಖಾನೆಗಳ ತ್ಯಾಜ್ಯನೀರು ಮತ್ತು ವಂಶವಾಹಿಗಳಿಗೆ ಒದಗುವ ಹಾನಿ

ಕಾರ್ಖಾನೆಯಿಂದ ಹೊರಬೀಳುವ ನೀರಿನ ಗುಣವನ್ನು ನಮ್ಮ ಉದ್ಯಮಿಗಳು ಸಾಮಾನ್ಯವಾಗಿ ಪಿ.ಎಚ್., ಬಿ.ಓ.ಡಿ. ಮತ್ತು ಸಿ.ಓ.ಡಿ. ಅಂಕಿಗಳಿಂದ ಅಳೆಯುತ್ತಾರೆ. ಇವು ಮಿತಿಯೊಳಗಿದ್ದರೆ ನೀರು ನಿರಪಾಯಕಾರಿ ಎಂಬುದು ರೂಢಿಯ ನಂಬಿಕೆ. ಔಷಧ ತಯಾರಿಕೆಯ ಮಟ್ಟಿಗೆ ಈ ನಂಬಿಕೆ ಸಾಲದು.

ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯನೀರನ್ನು ಸಾಮೂಹಿಕ ಘಟಕವೊಂದು ಸಂಸ್ಕರಿಸುತ್ತಿತ್ತು. ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಂಸ್ಕರಣೆಯಾದ ಬಳಿಕವೂ ಆ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಆ ಔಷಧವನ್ನು ಸೇವಿಸುವ ರೋಗಿಯ ರಕ್ತದಲ್ಲಿ ಕಂಡುಬರುವ ಪ್ರಮಾಣಕ್ಕಿಂತ ಇದು ಅಧಿಕ.

ಸಿಪ್ರೊಫ್ಲಾಕ್ಸಸಿನ್ ಬ್ಯಾಕ್ಟೀರಿಯಾಗಳ ಡಿ.ಎನ್.ಎ.ಯನ್ನು ನಿರ್ವಹಿಸುವ ಗೈರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಆಗ ಡಿ.ಎನ್.ಎ. ಎಳೆಗಳು ತುಂಡಾಗುತ್ತವೆ. ಜೀವಕೋಶವು ಅವಸರದಲ್ಲಿ ಮಾಡಿಕೊಳ್ಳುವ ದುರಸ್ತಿಯಲ್ಲಿ ತಪ್ಪುಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಔಷಧಕ್ಕೆ ಜಗ್ಗದ ರೋಗಾಣುಗಳಿಗೆ ಜನ್ಮ ನೀಡುತ್ತವೆ. ತಯಾರಿಕೆಯಲ್ಲಿ ಬಳಸುವ ಕೆಲವು ದ್ರಾವಕಗಳು ಮತ್ತು ಮಧ್ಯವರ್ತಿ ರಾಸಾಯನಿಕಗಳು ಮೇಲ್ಮಟ್ಟದ ಜೀವಿಗಳ ವರ್ಣತಂತುಗಳಿಗೂ ಹಾನಿಯುಂಟುಮಾಡಬಲ್ಲವು.

ಇದನ್ನು ಪತ್ತೆಹಚ್ಚುವ ಸುಲಭ ವಿಧಾನವೆಂದರೆ ಈರುಳ್ಳಿ ಬೇರಿನ ಪರೀಕ್ಷೆ. ಒಂದು ಈರುಳ್ಳಿಯ ಬೇರನ್ನು ಶುದ್ಧ ನೀರಿನಲ್ಲಿಯೂ ಇನ್ನೊಂದರ ಬೇರನ್ನು ತ್ಯಾಜ್ಯನೀರಿನಲ್ಲಿಯೂ ಬೆಳೆಸಿ, ಬೇರಿನ ತುದಿಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಲಾಗುತ್ತದೆ. ತುಂಡಾದ, ಅಂಟಿಕೊಂಡ ವರ್ಣತಂತುಗಳು ಹೆಚ್ಚಾಗಿದ್ದರೆ ನೀರು ದೋಷಯುಕ್ತ. ಮೀನಿನ ರಕ್ತಕಣಗಳಲ್ಲಿ ಕಿರುಕೇಂದ್ರಗಳನ್ನು ಎಣಿಸುವುದು ಮತ್ತೊಂದು ವಿಧಾನ. ಇಂತಹ ಫಲಿತಾಂಶವು ಮನುಷ್ಯರಿಗೆ ರೋಗ ಬಂದಿದೆಯೆಂಬುದಕ್ಕೆ ಪುರಾವೆಯಲ್ಲ, ಆದರೆ ಬಿ.ಓ.ಡಿ. ಅಂಕಿ ತಿಳಿಸದ ಅಪಾಯದ ಮುನ್ಸೂಚನೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಔಷಧಾಂಶ ಹೆಚ್ಚಿರುವ ದ್ರವವನ್ನು ಉಗಮದಲ್ಲಿಯೇ ಬೇರ್ಪಡಿಸಬೇಕು. ನೀರು ಬೆರೆಸಿ ತೆಳುಗೊಳಿಸಿದರೆ ಸಾಂದ್ರತೆ ತಗ್ಗುವುದೇ ಹೊರತು ಒಟ್ಟು ಪ್ರಮಾಣ ತಗ್ಗದು.
2. ಪ್ರತಿಜೀವಕಗಳು ಸಂಸ್ಕರಣಾ ತೊಟ್ಟಿಯ ಉಪಯುಕ್ತ ಸೂಕ್ಷ್ಮಜೀವಿಗಳನ್ನೇ ಕೊಲ್ಲಬಲ್ಲವು. ಆದ್ದರಿಂದ ಅವನ್ನು ಮೊದಲೇ ನಿಷ್ಕ್ರಿಯಗೊಳಿಸುವುದು ಅಗತ್ಯ.
3. ದ್ರಾವಕಗಳನ್ನು ಮರಳಿ ಪಡೆದರೆ ಮಾಲಿನ್ಯವೂ ಕಚ್ಚಾಮಾಲಿನ ವೆಚ್ಚವೂ ಕಡಿಮೆಯಾಗುತ್ತವೆ.

ಕೇಂದ್ರ ಸರ್ಕಾರವು 2020ರ ಜನವರಿಯಲ್ಲಿ ಪ್ರತಿಜೀವಕಗಳ ಶೇಷಕ್ಕೆ ಮಿತಿಗಳನ್ನು ಸೂಚಿಸಿ ಕರಡು ಹೊರಡಿಸಿತ್ತು. 2021ರ ಅಂತಿಮ ನಿಯಮಗಳಲ್ಲಿ ಆ ಮಿತಿಗಳು ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಪ್ರತಿಜೀವಕ ತಯಾರಿಕೆಯ ತ್ಯಾಜ್ಯದ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದೆ. ಕಾನೂನು ಒತ್ತಾಯಿಸುವವರೆಗೆ ಕಾಯದೆ ತಮ್ಮ ನೀರನ್ನು ತಾವೇ ಪರೀಕ್ಷಿಸಿಕೊಳ್ಳುವುದು ತಯಾರಕರಿಗೂ ಕೆಳಹರಿವಿನ ರೈತರಿಗೂ ಕ್ಷೇಮಕರ.