ಅಂಗನವಾಡಿಯಲ್ಲಿ ಫ್ಲೂ ಜ್ವರದ ತಡೆ

ತೊಗರಿ ಕೊಯ್ಲಿನ ಒಂದು ಮುಂಜಾನೆ, ಮೈ ಬಿಸಿಯಾಗಿದ್ದ ನನ್ನ ತಂಗಿಯನ್ನು ಅವ್ವ ಶರಣಸಿರಸಗಿಯ ಅಂಗನವಾಡಿಯಲ್ಲಿ ಬಿಟ್ಟು ಕೂಲಿಗೆ ಹೋದಳು. ವಾರದೊಳಗೆ ಓಣಿಯ ಮಕ್ಕಳೆಲ್ಲ ಕೆಮ್ಮತೊಡಗಿದರು. ಅದನ್ನು ಚಳಿಗಾಳಿಯ ದೋಷವೆಂದೇ ನಾವು ತಿಳಿದಿದ್ದೆವು.

ವಾಚಕರೇ, ಫ್ಲೂ ಎಂಬುದು ವೈರಸ್ಸಿನಿಂದ ಬರುವ ಅಂಟುಜಾಡ್ಯ. ಕೆಮ್ಮು ಸೀನುಗಳ ತುಂತುರಿನಿಂದಲೂ ಸಿಂಬಳ ಮೆತ್ತಿದ ಕೈಗಳಿಂದಲೂ ಅದು ಹರಡುತ್ತದೆ. ಜ್ವರ ಕಾಣುವ ಒಂದು ದಿನ ಮೊದಲೇ ಮಗುವಿನಿಂದ ಅದು ಇತರರಿಗೆ ತಗಲಬಹುದು. ಆದುದರಿಂದ ಬೇನೆಬಿದ್ದ ಮಗುವನ್ನು ಮನೆಗೆ ಕಳುಹಿಸಿದರಷ್ಟೇ ಸಾಲದು. ಊಟಕ್ಕೆ ಮುನ್ನ, ಮೂಗು ಒರೆಸಿದ ಮೇಲೆ, ಸಾಬೂನಿನಿಂದ 20 ಸೆಕೆಂಡು ಕೈತೊಳೆಯುವುದು, ಮೊಳಕೈಯನ್ನು ಅಡ್ಡ ಹಿಡಿದು ಕೆಮ್ಮುವುದು, ಲೋಟ ವಸ್ತ್ರಗಳನ್ನು ಬೇರೆಬೇರೆಯಾಗಿ ಇಡುವುದು, ಕಿಟಕಿ ತೆರೆದಿಡುವುದು, ಇವು ಎಲ್ಲರೂ ಆರೋಗ್ಯದಿಂದಿರುವಾಗಲೂ ನಡೆಯಬೇಕು. 6 ತಿಂಗಳು ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯೂ ಉಂಟು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಮರಣವನ್ನು ಕಂಡ ಕಲಬುರಗಿಗೆ ಕೈತೊಳೆಯುವ ಪಾಠ ಹೊಸದಲ್ಲ, ಮರೆಯದಿರುವುದೇ ಮುಖ್ಯ.

ಔಷಧವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗಾದರೂ ಮಗು ಮನೆಯಲ್ಲಿರಬೇಕು. ಆದರೆ ದಿನಗೂಲಿ ನಂಬಿದ ತಾಯಿಗೆ ಈ ಮಾತು ಭಾರವಾದುದು. ನನ್ನ ಅವ್ವನನ್ನು ನಾನು ದೂರಲಾರೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಓದಿ ತಿಳಿದ ನಾವು ಅಂಥ ದಿನ ಮಗುವಿನ ಬಳಿ ಕುಳಿತು ಆ ತಾಯಿಯ ಕೂಲಿಯನ್ನು ಉಳಿಸಬಾರದೆ?