ಯಂತ್ರದೊಳಗಿನ ದುಭಾಷಿ

ಗಣಕಯಂತ್ರದ ಪ್ರೊಸೆಸರ್ ತನ್ನದೇ ಆದ ಆಜ್ಞಾಭಾಷೆಯನ್ನು ಮಾತ್ರ ಬಲ್ಲದು. 2020ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯು ತನ್ನ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಪ್ರೊಸೆಸರಿಗೆ ಬದಲಾಗಿ ತಾನೇ ರೂಪಿಸಿದ ಎಂ1 ಪ್ರೊಸೆಸರನ್ನು ಅಳವಡಿಸತೊಡಗಿತು. ಇಂಟೆಲ್‌ಗಾಗಿ ಬರೆದಿದ್ದ ಹಳೆಯ ತಂತ್ರಾಂಶಗಳು ಅದರ ಪಾಲಿಗೆ ಪರಭಾಷೆಯ ಗ್ರಂಥಗಳಂತಾದವು. ಆಗ ನೆರವಿಗೆ ಬಂದುದು ‘ರೊಸೆಟ್ಟಾ 2’ ಎಂಬ ದುಭಾಷಿ. ಅದು ಹಳೆಯ ತಂತ್ರಾಂಶವನ್ನು ಬಹುಮಟ್ಟಿಗೆ ಮೊದಲೇ ಅನುವಾದಿಸಿ ಕಾದಿರಿಸುತ್ತದೆ. ಆದುದರಿಂದ ಮೊದಲ ಸಲ ತೆರೆಯುವಾಗ ತುಸು ತಡವಾದರೂ ಮುಂದೆ ಕೆಲಸ ಚುರುಕಾಗಿ ಸಾಗುತ್ತದೆ.

ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ನೆರವಾದ, 1799ರಲ್ಲಿ ದೊರೆತ ಶಿಲೆಯ ಹೆಸರೇ ಇದಕ್ಕೂ. ಶಿಲೆಯಾದರೋ ಎರಡು ಸಾವಿರ ವರ್ಷ ಬಾಳಿತು! ತಂತ್ರಾಂಶದ ದುಭಾಷಿಗೆ ಅಷ್ಟು ಆಯುಷ್ಯವೆಲ್ಲಿ? ಪವರ್‌ಪಿಸಿ ಪ್ರೊಸೆಸರಿನ ತಂತ್ರಾಂಶಗಳನ್ನು ಇಂಟೆಲ್‌ಗೆ ತಿಳಿಯಪಡಿಸಲು 2006ರಲ್ಲಿ ಬಂದ ಮೊದಲ ರೊಸೆಟ್ಟಾವನ್ನು 2011ರ ಹೊಸ ವ್ಯವಸ್ಥೆಯಲ್ಲಿ ಸಂಸ್ಥೆಯೇ ಕೈಬಿಟ್ಟಿತು. ಮರಳಿ ಬರೆಯದೆ ಉಳಿದ ತಂತ್ರಾಂಶಗಳು ಅಲ್ಲಿ ಮೂಕವಾದವು. ಅವುಗಳನ್ನೇ ನೆಚ್ಚಿದ್ದವರು ಹಳೆಯ ಯಂತ್ರವನ್ನು ಜೋಪಾನಮಾಡಿ ಇಟ್ಟುಕೊಳ್ಳಬೇಕಾಯಿತು.